ಹದಿನೈದಕ್ಕೆ ಗುಜರಿ, ಐವತ್ತಕ್ಕೆ ಪರಂಪರೆ

ನಮ್ಮ ಮನೆ ಶೆಡ್ಡಿನಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಕೊಂಡದ್ದು. ಭಾನುವಾರ ಬೆಳಿಗ್ಗೆ ಅದನ್ನು ಹೊರಗೆ ತೆಗೆದರೆ ಬೀದಿಯವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಎಷ್ಟು ಚೆನ್ನಾಗಿದೆ ಸಾರ್, ಒಂದು ಫೋಟೋ ತೆಗೀಲಾ?" ಇನ್ನೊಂದು, "ಇನ್ನೂ ಗುಜರಿಗೆ ಹಾಕಿಲ್ವಾ?" ಎರಡನ್ನೂ ಕೇಳುವವರು ಒಬ್ಬರೇ.

ಚೆನ್ನಾಗಿರುವುದಂತೂ ನಿಜ. ಇಟಲಿಯ ಫಿಯೆಟ್‌ನವರ 1100 ಮಾದರಿ ಇದು. 1964ರಿಂದ ಬೊಂಬಾಯಿಯ ಕುರ್ಲಾದಲ್ಲಿ ತಯಾರಾಯಿತು. 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಇಟ್ಟರು. ಹೆಸರು ಬದಲಾಯಿತೇ ಹೊರತು ಮುಖ ಹೆಚ್ಚು ಬದಲಾಗಲಿಲ್ಲ. ಎರಡು ದುಂಡನೆಯ ಕಣ್ಣು, ನಡುವೆ ಒಂದು ಗ್ರಿಲ್ಲು, ಹಿಂದೆ ಡಿಕ್ಕಿಯ ಎರಡೂ ಪಕ್ಕ ಮೀನಿನ ರೆಕ್ಕೆಯಂತೆ ಸಣ್ಣಗೆ ಎದ್ದ ಏಣು. ಮುಂದಿನ ಬಾಗಿಲಲ್ಲಿ ಒಂದು ತ್ರಿಕೋನದ ಪುಟ್ಟ ಗಾಜು. ಅದರ ಚಿಲಕ ತೆಗೆದು ತಿರುಗಿಸಿದರೆ ಗಾಳಿ ನೇರ ಎದೆಗೆ ಬಂದು ಬಡಿಯುತ್ತದೆ. ನಮ್ಮ ಕಾಲದ ಎಸಿ ಅಂದರೆ ಅದೇ. ಕರೆಂಟು ಬೇಡ, ಗ್ಯಾಸು ಬೇಡ, ಆದರೆ ಗಾಡಿ ಓಡುತ್ತಿರಬೇಕು. ಸಿಗ್ನಲ್‌ನಲ್ಲಿ ನಿಂತರೆ ಬೆವರು.

ಈಗಿನ ಕಾರುಗಳಿಗೆ ಯಾಕೋ ಸಿಟ್ಟು ಜಾಸ್ತಿ. ಕಣ್ಣು ಕಿರಿದು ಮಾಡಿಕೊಂಡು, ಬಾಯಿ ಇಷ್ಟಗಲ ತೆರೆದುಕೊಂಡು ಕನ್ನಡಿಯಲ್ಲಿ ಕಾಣಿಸಿಕೊಂಡರೆ ಸಾಲ ವಸೂಲಿಗೆ ಬಂದವರ ಹಾಗಿರುತ್ತವೆ. ನಾನಂತೂ ಸುಮ್ನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ಕೆಲವು ಎಲೆಕ್ಟ್ರಿಕ್ ಕಾರಿಗೂ ಮುಂದೆ ಗ್ರಿಲ್ಲಿನ ಆಕಾರ ಇದೆ. ಹತ್ತಿರ ಹೋಗಿ ನೋಡಿದರೆ ತೂತೇ ಇಲ್ಲ. ಉಸಿರಾಡದ ಮೂಗು.

ಇರಲಿ, ಕಾನೂನಿಗೆ ಬರೋಣ. ಕಾನೂನಿಗೆ ಚೆಂದ ಕಾಣುವುದಿಲ್ಲ, ವಯಸ್ಸು ಮಾತ್ರ ಕಾಣುತ್ತದೆ. ಕಾರಿಗೆ 15 ವರ್ಷ ತುಂಬಿದರೆ ಆರ್‌ಸಿ, ಅಂದರೆ ನೋಂದಣಿ, ಮುಗಿಯಿತು. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ತಪಾಸಣೆ ಮಾಡಿಸಿ, ದುಡ್ಡು ಕಟ್ಟಿ, ಐದೈದು ವರ್ಷಕ್ಕೆ ಮತ್ತೆ ಬರೆಸಿಕೊಳ್ಳಬೇಕು. 2022ರ ಏಪ್ರಿಲ್‌ನಿಂದ ಅದಕ್ಕೆ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಉದ್ದೇಶ ಸ್ಪಷ್ಟವಾಗಿದೆ. ಮುದುಕರನ್ನು ಮನೆಯಿಂದ ಹೊರಗೆ ಹಾಕುವ ಧೈರ್ಯವಿಲ್ಲದ ಮಕ್ಕಳು ಊಟದ ಖರ್ಚು ಲೆಕ್ಕ ಹಾಕುತ್ತಾರಲ್ಲ, ಹಾಗೆ.

ಈಗ ಮಜಾ ನೋಡಿ. ಅದೇ ಕಾರು ಅದು ಹೇಗೋ ಜೀವ ಹಿಡಿದುಕೊಂಡು 50 ವರ್ಷ ಮುಟ್ಟಿದರೆ, ಅದೇ ಸರ್ಕಾರ ಎದ್ದು ನಿಂತು ಕೈಮುಗಿಯುತ್ತದೆ. 2021ರಲ್ಲಿ ಬಂದ ನಿಯಮದ ಪ್ರಕಾರ ಅದು ವಿಂಟೇಜ್, ದೇಶದ ಪರಂಪರೆ. ಒಮ್ಮೆ 20,000 ಕಟ್ಟಿದರೆ ಹತ್ತು ವರ್ಷದ ನೋಂದಣಿ. ಹೊಸ ನಂಬರ್ ಪಡೆದರೆ ಪ್ಲೇಟಿನಲ್ಲಿ ವಿಎ ಅಂತ ಎರಡು ಅಕ್ಷರದ ಬಿರುದು. ಆಮೇಲೆ ನವೀಕರಣಕ್ಕೆ ಬರೀ 5,000. ಅಂದರೆ 21 ವರ್ಷದ ಕಾರು ಮುಂದೆ ಬದುಕಲು 10,000, 60 ವರ್ಷದ್ದು ಮುಂದೆ ಬದುಕಲು 5,000.

ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿಗೆ ಆಗುವುದೂ ಇದೇ ಅಲ್ವಾ? ಮೊದಲು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಮುಂದೊಂದು ದಿನ ಯಾರೋ ಬಂದು ಶಾಸನ ಓದಿದ ಮೇಲೆ ಸುತ್ತ ಬೇಲಿ ಹಾಕಿ ಬೋರ್ಡು ನೆಡುತ್ತಾರೆ. ಕಲ್ಲಾದರೆ ಅಲ್ಲಿಯವರೆಗೆ ತಡೆದುಕೊಳ್ಳುತ್ತದೆ. ತಗಡು ಏನು ಮಾಡಬೇಕು?

ನಮ್ಮ ಪದ್ಮಿನಿಗೆ ಐವತ್ತು ತುಂಬುವುದು 2034ಕ್ಕೆ. ಅಲ್ಲಿಯವರೆಗೆ ಅದು ಗುಜರಿಯೂ ಅಲ್ಲ, ಪರಂಪರೆಯೂ ಅಲ್ಲ. ಇದರಲ್ಲಿ ಇನ್ನೊಂದು ಷರತ್ತು ಇದೆ. ಚಾಸಿಸ್, ಬಾಡಿ, ಎಂಜಿನ್ ಯಾವುದನ್ನೂ ಬದಲಾಯಿಸಿರಬಾರದು, ಮೂಲ ರೂಪದಲ್ಲೇ ಇರಬೇಕು. ಮೂವತ್ತೈದು ವರ್ಷ ದಂಡ ಕಟ್ಟುತ್ತಾ, ತುಕ್ಕು ಕೆರೆಯುತ್ತಾ, ಕಾರ್ಬೊರೇಟರ್ ಊದುತ್ತಾ ಅದನ್ನು ಹಾಗೇ ಕಾಪಾಡಿದ ಮೇಲೆ ವಿಂಟೇಜ್ ಪಟ್ಟ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ದಿನಾ ಓಡಿಸುವ ಹಾಗಿಲ್ಲ! ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ ರಸ್ತೆಗಿಳಿಯಬಹುದು. ಪೆಟ್ರೋಲ್ ಹಾಕಿಸಿಕೊಂಡು ಬರಬಹುದು, ಆ ಪೆಟ್ರೋಲ್ ಖರ್ಚು ಮಾಡಲು ಮತ್ತೆ ಪೆಟ್ರೋಲ್ ಹಾಕಿಸಲು ಹೋಗಬಹುದು. ಈ ಸಾಲು ಬರೆದವರಿಗೆ ಹಾಸ್ಯಪ್ರಜ್ಞೆ ಇದ್ದಿರಲೇಬೇಕು.

ದೆಹಲಿಯವರ ಪಾಡು ಇನ್ನೊಂದು ಥರ. 2025ರ ಜುಲೈ 1ರಿಂದ ಅಲ್ಲಿ ಪೆಟ್ರೋಲ್ ಬಂಕಿನಲ್ಲಿ ಕ್ಯಾಮೆರಾ ಇಟ್ಟು, 10 ವರ್ಷ ದಾಟಿದ ಡೀಸೆಲ್ ಮತ್ತು 15 ದಾಟಿದ ಪೆಟ್ರೋಲ್ ಗಾಡಿಗೆ ಇಂಧನ ಇಲ್ಲ ಎಂದರು. ಹಳೇ ಕಾರಿನ ಫೋಟೋವನ್ನು ಸರ್ಕಾರವೂ ತೆಗೆಯಿತು ಅನ್ನಿ. ಗಲಾಟೆ ಜೋರಾಗಿ ಕೆಲವೇ ದಿನದಲ್ಲಿ ತಡೆಹಿಡಿದರು. ಹೊಗೆ ಅಳೆಯುವ ಯಂತ್ರ ಊರು ತುಂಬಾ ಇದೆ. ಆದರೂ ಹೊಗೆ ನೋಡುವುದು ಬಿಟ್ಟು ಜಾತಕ ನೋಡಿದರೆ ಇನ್ನೇನಾಗುತ್ತದೆ?

ನಮ್ಮದು ಬಿಡುವುದು ಸಾಂಬ್ರಾಣಿ ಹೊಗೆ ಅಂತ ನಾನೇನೂ ಹೇಳುತ್ತಿಲ್ಲ. ಬ್ರೇಕ್ ಹಿಡಿಯಬೇಕು ಅನ್ನುವ ನಿರ್ಧಾರ ಹಿಂದಿನ ಸಿಗ್ನಲ್‌ನಲ್ಲೇ ಆಗಿರಬೇಕು. ಚಳಿಗಾಲದಲ್ಲಿ ಚೋಕ್ ಎಳೆದು, ಹೆಸರು ಹಿಡಿದು ಬೇಡಿಕೊಂಡರೂ ಕೆಮ್ಮಿ ಮಲಗುತ್ತದೆ. ಎಫ್‌ಸಿಯಲ್ಲಿ ಫೇಲ್ ಮಾಡಿದರೆ ನಾನು ಒಪ್ಪುತ್ತೇನೆ. ಹುಟ್ಟಿದ ದಿನಕ್ಕೆ ಫೇಲ್ ಮಾಡಿದರೆ ಏನು ಹೇಳಲಿ?

ಜನರೇನು ಕಮ್ಮಿ ಇಲ್ಲ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿ ಆದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆ ಬಿಟ್ಟವು. ದೇಶವೇ ಮೊಬೈಲಿನಲ್ಲಿ ಕಣ್ಣೀರು ಹಾಕಿತು. ಅತ್ತವರಲ್ಲಿ ಎಷ್ಟು ಜನ ಅದೇ ಮೊಬೈಲಿನಲ್ಲಿ ಎಸಿ ಕ್ಯಾಬ್ ಬುಕ್ ಮಾಡಿದರೋ, ನಾನು ಕೇಳಲಿಲ್ಲ.

ಕಂಪನಿಗಳಿಗೆ ಈ ಕಣ್ಣೀರಿನ ಬೆಲೆ ಚೆನ್ನಾಗಿ ಗೊತ್ತು. 1991ರ ಟಾಟಾ ಸಿಯೆರಾ ನೆನಪಿದೆಯಾ? ಹಿಂಬದಿಯ ಪಕ್ಕದ ಗಾಜು ಚಾವಣಿಯವರೆಗೆ ಬಾಗಿಕೊಂಡಿತ್ತು. 2025ರ ನವೆಂಬರ್‌ನಲ್ಲಿ ಅದೇ ಹೆಸರು, ಅದೇ ಗಾಜಿನ ನೆನಪು ತರುವ ರೂಪ ಹೊತ್ತು ಹೊಸದು ಬಂತು. ಜನ ಮುಗಿಬಿದ್ದು ನೋಡಿದರು. ಹಳೇ ಸಿಯೆರಾ ಇಟ್ಟುಕೊಂಡವನು ಆರ್‌ಟಿಒ ಕಚೇರಿಯಲ್ಲಿ ಕ್ಯೂ ನಿಲ್ಲಬೇಕು. ಹಳೇದರ ಹಾಗೆ ಕಾಣುವ ಹೊಸದು ಕೊಂಡವನಿಗೆ ಶೋರೂಮಿನಲ್ಲಿ ಹಾರ ಹಾಕಿ ಕೇಕ್ ಕತ್ತರಿಸುತ್ತಾರೆ.

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ. ಪ್ರೀ-ವೆಡ್ಡಿಂಗ್ ಫೋಟೋ ತೆಗೆಯುವವನಂತೆ.

"ಸಾರ್, ನಿಮ್ಮ ಫಿಯೆಟ್ ಒಂದು ದಿನಕ್ಕೆ ಬೇಕಿತ್ತು. ಹುಡುಗಿ ಬಾನೆಟ್ ಮೇಲೆ ಕೂರ್ತಾರೆ, ಹುಡುಗ ಪಕ್ಕದಲ್ಲಿ ಒರಗಿ ನಿಲ್ತಾರೆ, ಅಷ್ಟೆ."

"ಎಲ್ಲಿಗೆ ತರಬೇಕಪ್ಪಾ?"

"ತರೋದು ಬೇಡ ಸಾರ್, ನಾವೇ ಲಾರಿ ಮೇಲೆ ಹಾಕ್ಕೊಂಡು ಹೋಗ್ತೀವಿ."

"ಅಯ್ಯೋ, ಅದು ಓಡುತ್ತಪ್ಪಾ!" ನನಗೆ ಸ್ವಲ್ಪ ಅವಮಾನವೇ ಆಯಿತು. "ಏನು, ಸ್ವಲ್ಪ ಹೊಗೆ ಬರುತ್ತೆ ಅಷ್ಟೆ."

"ಹೊಗೆ ಯೋಚನೆ ಬಿಡಿ ಸಾರ್," ಅಂದ ಹುಡುಗ. "ಅದಕ್ಕೆ ನಾವೇ ಮಷೀನ್ ತರ್ತೀವಿ."