9:42ಕ್ಕೆ ಸರಿಯಾಗಿ

ನೂರಕ್ಕೆ 46. ರಾಜ್ಯದ ಹೆರಿಗೆಗಳಲ್ಲಿ ಇಷ್ಟು ಸಿಸೇರಿಯನ್ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಮಾರ್ಚಿನಲ್ಲಿ ವಿಧಾನ ಪರಿಷತ್ತಿಗೆ ಲೆಕ್ಕ ಒಪ್ಪಿಸಿದ್ದು ನಿಮಗೆಲ್ಲ ನೆನಪಿರಬೇಕು. ಸರ್ಕಾರಿಯಲ್ಲಿ 36, ಖಾಸಗಿಯಲ್ಲಿ 61. ಲೆಕ್ಕ ಹೊರಬಿದ್ದ ಮೇಲೆ ಅಪರಾಧಿಯೊಬ್ಬ ಬೇಕಲ್ಲ. ಹುಡುಕಾಟಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಬಿಲ್ಲಿಂಗ್ ಕೌಂಟರಿನ ಕಡೆ ತಲೆ ಹಾಕದೆ, ಪಂಚಾಂಗದ ಪುಟ ತಿರುವದೆ, ಸೀದಾ ಹೋಗಿ ಮಂಚದ ಮೇಲೆ ಮಲಗಿದ್ದವಳನ್ನೇ ಹಿಡಿದರು. ಈ ಕಾಲದ ಹುಡುಗಿಯರು, ನೋವು ತಿನ್ನೋಕಾಗಲ್ಲ, ತಾವೇ ಬಾಯಿಬಿಟ್ಟು ಕೇಳಿ ಕೊಯ್ಸಿಕೊಳ್ತಾರೆ. ನಮ್ಮಜ್ಜಿ ಹನ್ನೆರಡು ಹೆತ್ತು ಮಾರನೇ ದಿನವೇ ಒರಳು ತಿರುವಿದ್ದಳು. (ಹನ್ನೆರಡರಲ್ಲಿ ಎಷ್ಟು ಉಳಿದವು ಅಂತ ಕೇಳುವ ಹಾಗಿಲ್ಲ. ಅಜ್ಜಿಯ ಅಕ್ಕ ಯಾಕೆ ಯಾವ ಫೋಟೋದಲ್ಲೂ ಇಲ್ಲ ಅಂತಂತೂ ಕೇಳಲೇಬಾರದು.)

ಬಾಯಿಬಿಟ್ಟು ಕೇಳುವವರು ಬೆಂಗಳೂರಿನಲ್ಲಿ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೇಳುವವರಲ್ಲೂ ದರ್ಜೆಗಳಿವೆ. ಮೊದಲ ಮಣೆ ಜ್ಯೋತಿಷಿಗಳದು.

ವಾಟ್ಸಾಪಿನಲ್ಲಿ ಒಂದು ಚೀಟಿ ಬರುತ್ತದೆ. ಶುಕ್ರವಾರ ಬೆಳಗ್ಗೆ 9:42ರಿಂದ 9:58ರೊಳಗೆ ಮಗು ಆಚೆ ಬರಬೇಕು. 10:30ಕ್ಕೆ ರಾಹುಕಾಲ, ಅಷ್ಟರೊಳಗೆ ಹೊಲಿಗೆಯೂ ಮುಗಿದರೆ ಉತ್ತಮ. ಮೂಲಾ ಬೇಡ, ಆಶ್ಲೇಷಾ ಬೇಡ, ಜ್ಯೇಷ್ಠಾ ಬೇಡ, ಅಮಾವಾಸ್ಯೆಯ ಮಾತೇ ಬೇಡ. ಲಗ್ನ ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಅದರೊಳಗೂ ಸೋಸಿ ಸೋಸಿ ಹದಿನಾರು ನಿಮಿಷಕ್ಕೆ ತಂದು ನಿಲ್ಲಿಸಿದ್ದಾರೆ. ಈ ಚೀಟಿ ತಂದವರನ್ನು ಯಾರೂ "ಯಾಕಮ್ಮ, ಧೈರ್ಯ ಸಾಲದಾ?" ಅಂತ ಕೇಳುವುದಿಲ್ಲ. "ಓಟಿ ಖಾಲಿ ಇದೆಯಾ ನೋಡಿ ಹೇಳ್ತೀನಿ" ಅನ್ನುತ್ತಾರೆ. ಎಂಥ ಮರ್ಯಾದೆ.

ಈಗ 9:42ರ ಲೆಕ್ಕವನ್ನು ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಒಳಗಿನಿಂದ ನೋಡೋಣ. ಗಟ್ಟಿ ಆಹಾರ ನಿಲ್ಲಿಸಿ ಆರು ಗಂಟೆಯಾಗಿರಬೇಕು. ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು, ನಮ್ಮಲ್ಲಿ ಮಾತ್ರ ಹಿಂದಿನ ರಾತ್ರಿ ಹತ್ತಕ್ಕೇ ಬಾಯಿಗೆ ಬೀಗ. ಡ್ರಿಪ್, ಕ್ಯಾಥೆಟರ್, ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್. ಆಮೇಲೆ ಅವಳನ್ನು ಕೂರಿಸಿ, ಬೆನ್ನು ಬಾಗಿಸಿ, ಸೊಂಟದ ಮೂಳೆಗಳ ನಡುವೆ ಕೂದಲೆಳೆಯಂಥ ಸೂಜಿಯಲ್ಲಿ ಸ್ಪೈನಲ್, ಅಂದರೆ ಕೆಳಮೈ ಮರಗಟ್ಟಿಸುವ ಇಂಜೆಕ್ಷನ್. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಬಾಗುವುದು ಸುಲಭವಲ್ಲ. ಮೂಳೆ ತಡೆದರೆ ಎರಡನೇ ಸಲ, ಮೂರನೇ ಸಲ. ಮದ್ದು ಎದೆಮಟ್ಟಕ್ಕೆ ಏರಿತೇ ಅಂತ ತಣ್ಣನೆಯ ಸ್ಪಿರಿಟ್ ಹಚ್ಚಿ ಕೇಳಬೇಕು. ಅಷ್ಟರಲ್ಲಿ ಬಿಪಿ ಬಿತ್ತು, ವಾಂತಿ ಬಂತು, ಅದಕ್ಕೊಂದು ಇಂಜೆಕ್ಷನ್. ಇಷ್ಟಾಗಿಯೂ ಕತ್ತಿ ಇನ್ನೂ ತಟ್ಟೆಯಲ್ಲೇ ಇದೆ.

ಅಂದಹಾಗೆ, ಸೂಜಿ ಹಿಡಿಯುವ ಅನಸ್ತೇಷಿಯಾ ಡಾಕ್ಟರು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಕಾಯಂ ಇರುವವರಲ್ಲ, ಕರೆದಾಗ ಬರುವವರು. ಬೆಳಗ್ಗೆ ಒಂದು ಕಡೆ ಹರ್ನಿಯಾ ಮುಗಿಸಿ ಇನ್ನೊಂದು ಕಡೆಗೆ ಕಾರು ಹತ್ತಿರುತ್ತಾರೆ. ಒಂಬತ್ತೂವರೆಗೆ ಅವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿದ್ದರೆ ಗುರುಬಲ ಏನು ಮಾಡೀತು? ಶನಿ, ರಾಹು, ಕುಜ ಎಲ್ಲರಿಗೂ ಶಾಂತಿ ಉಂಟು. ಸಿಲ್ಕ್ ಬೋರ್ಡಿಗೆ ಇಲ್ಲ. ಈ ಊರಿನಲ್ಲಿ ಮುಹೂರ್ತ ಇಡುವವರು ಟ್ರಾಫಿಕ್ ಪೊಲೀಸರ ಸಲಹೆ ಪಡೆಯದಿರುವುದು ಶಾಸ್ತ್ರದ ದೊಡ್ಡ ಲೋಪ ಅಂತಲೇ ನನ್ನ ಅಭಿಪ್ರಾಯ.

ಸರಿ, ಡಾಕ್ಟರು ಬಂದರು ಅನ್ನೋಣ. ಕೆಳಹೊಟ್ಟೆಯ ಮೂಳೆಗಿಂತ ಎರಡು ಬೆರಳು ಮೇಲೆ ಒಂದು ಗೇಣಿನಷ್ಟಕ್ಕಿಂತ ಸ್ವಲ್ಪ ಕಮ್ಮಿ ಅಡ್ಡ ಗೀರು. ಚರ್ಮ, ಕೊಬ್ಬು, ಗಟ್ಟಿ ಪೊರೆ. ಸ್ನಾಯುವನ್ನು ಕೊಯ್ಯುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ತೆಳು ಪೊರೆ, ಮೂತ್ರಕೋಶ ಕೆಳಕ್ಕೆ, ಗರ್ಭಕೋಶ. ಮೊದಲ ಸಿಸೇರಿಯನ್ ಆದರೆ ಐದರಿಂದ ಹತ್ತು ನಿಮಿಷಕ್ಕೆ ಮಗು ಕೈಗೆ. ಹಿಂದೊಮ್ಮೆ ಕೊಯ್ದ ಹೊಟ್ಟೆಯಾದರೆ ಒಳಗೆಲ್ಲ ಅಂಟಿಕೊಂಡಿರಬಹುದು, ಬಿಡಿಸುವುದಕ್ಕೇ ಇಪ್ಪತ್ತು ನಿಮಿಷ ಹೋದರೂ ಹೋಯಿತು. ಮುಹೂರ್ತದವರಿಗೆ ಗೊತ್ತಿಲ್ಲದ ಇನ್ನೊಂದು ತಾಪತ್ರಯ ಇದೆ. ನೋವೇ ಬಂದಿಲ್ಲವಾದ್ದರಿಂದ ಎಷ್ಟೋ ಸಲ ಮಗುವಿನ ತಲೆ ಕೆಳಗಿಳಿದಿರುವುದಿಲ್ಲ, ಮೇಲೆ ತೇಲುತ್ತಿರುತ್ತದೆ. ಕೈ ಹಾಕಿದರೆ ಜಾರಿಕೊಳ್ಳುತ್ತದೆ. ಕೆಲವೊಮ್ಮೆ ವ್ಯಾಕ್ಯೂಮ್ ಹಚ್ಚಿ ಎಳೆಯಬೇಕಾಗುತ್ತದೆ. ಹೊಲಿಗೆಗೆ ಇನ್ನೊಂದು ಮುಕ್ಕಾಲು ಗಂಟೆ.

ಇಷ್ಟಕ್ಕೂ ಜನನ ಸಮಯ ಅಂದರೆ ಯಾವುದು? ತಲೆ ಕಂಡಾಗಲೇ, ಪೂರ್ತಿ ಹೊರಬಂದಾಗಲೇ, ಅತ್ತಾಗಲೇ, ಹೊಕ್ಕುಳಬಳ್ಳಿ ಕತ್ತರಿಸಿದಾಗಲೇ? ಆಸ್ಪತ್ರೆ ಬರೆದುಕೊಳ್ಳುವುದು ಮಗು ಪೂರ್ತಿ ಹೊರಬಂದ ಹೊತ್ತನ್ನು. ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಿರಿ, ಮಗುವಿಗೆ ಇನ್ನಷ್ಟು ರಕ್ತ ಸೇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2024ರ ಜನವರಿ 22ರಂದು ಅಯೋಧ್ಯೆಯ ಪ್ರಾಣಪ್ರತಿಷ್ಠೆಗೆ ಹೇಳಿದ್ದ ಮುಹೂರ್ತ 84 ಸೆಕೆಂಡಿನದು. ಅದೇ ದಿನ ಹೆರಿಗೆ ಆಗಬೇಕು ಅಂತ ಆಸ್ಪತ್ರೆಗಳಿಗೆ ಅರ್ಜಿ ಹಾಕಿದವರ ಸುದ್ದಿ ಓದಿದ್ದೀರಿ. ವಿಗ್ರಹ ಅಲ್ಲಾಡದೆ ಕೂತಿತ್ತು, ಮಗು ಕೂರುವುದಿಲ್ಲ.

ಒಳ್ಳೆಯ ದಿನ ಸಾಮಾನ್ಯವಾಗಿ ಒಂದು ವಾರ ಮೊದಲೇ ಬರುತ್ತದೆ ಅನ್ನುವುದು ಇನ್ನೊಂದು ಚೋದ್ಯ. ಕಾರಣವಿಲ್ಲದ ಸಿಸೇರಿಯನ್ನಿಗೆ 39 ವಾರ ತುಂಬಲಿ ಅನ್ನುವುದು ವೈದ್ಯರ ನಿಯಮ. ಹೆರಿಗೆ ನೋವು ಶುರುವಾದರೆ ಮಗುವಿನ ಶ್ವಾಸಕೋಶದ ನೀರು ಇಂಗತೊಡಗುತ್ತದೆ. ನೋವಿಲ್ಲದೆ, ಅದೂ ಬೇಗ, ಎತ್ತಿದರೆ ನೀರು ಉಳಿದುಬಿಡುವುದುಂಟು. ಮಗು ಏದುಸಿರು ಬಿಡುತ್ತದೆ. ಜಾತಕದಲ್ಲಿ ಗಜಕೇಸರಿ ಯೋಗ, ಮೂಗಿಗೆ ಆಮ್ಲಜನಕದ ಕೊಳವೆ. ಎನ್‌ಐಸಿಯು ಅನ್ನುವ ಎಳೆಗೂಸುಗಳ ತೀವ್ರ ನಿಗಾ ಘಟಕದ ದಿನದ ಬಾಡಿಗೆ ಮೀಟರಿನ ಹಾಗೆ ಓಡುತ್ತಿರುತ್ತದೆ.

ಎರಡನೇ ಮಣೆ ಡಾಕ್ಟರದು. ಅವರು ಕೇಳುವುದಿಲ್ಲ, ಹೆದರಿಸುತ್ತಾರೆ. "ಕೊರಳಿಗೆ ಬಳ್ಳಿ ಸುತ್ತಿದೆ" ಅನ್ನುತ್ತಾರೆ, ಮನೆಮಂದಿಯೆಲ್ಲ ಕುಸಿದು ಕೂರುತ್ತಾರೆ. ಬಳ್ಳಿ ಸುತ್ತಿಕೊಂಡು ಹುಟ್ಟುವ ಮಕ್ಕಳು ಬೇಕಾದಷ್ಟು, ಅದೊಂದೇ ಕೊಯ್ಯುವುದಕ್ಕೆ ಕಾರಣವಲ್ಲ. ಎಲ್ಲರೂ ಹೀಗೆ ಅಂತಲ್ಲ. ಆದರೆ ದೀಪಾವಳಿ ವಾರದಲ್ಲಿ ಬಳ್ಳಿಗಳು ಜಾಸ್ತಿ ಸುತ್ತಿಕೊಳ್ಳುತ್ತವೇನೋ ಅನ್ನುವ ಗುಮಾನಿ ನನಗಿದೆ.

ಇನ್ನು ಮಣೆಯೇ ಇಲ್ಲದವಳು. ಯಾವ ಚೀಟಿಯೂ ಇಲ್ಲದೆ, "ಮೇಡಂ, ನನಗೆ ಸಿಸೇರಿಯನ್ನೇ ಬೇಕು" ಅಂತ ತಾನೇ ಹೇಳುವವಳು. ಆಗ ಮಾತ್ರ ನೀತಿಬೋಧೆಯ ಕೊಡ ಉರುಳುತ್ತದೆ. ಪ್ರಕೃತಿ, ಸಹನೆ, ತಾಯ್ತನ. ಗಂಡನನ್ನು ಕರ್ಕೊಂಡು ಬಾ. ಅತ್ತೆಗೆ ಗೊತ್ತಾ?

ಅವಳ ಜೊತೆ ಆಡಬೇಕಾದ ಮಾತು ಬೇರೆಯೇ ಇದೆ, ಅರ್ಧ ಗಂಟೆ ಹಿಡಿಯುತ್ತದೆ. ಯಾತಕ್ಕೆ ಭಯ ಅಂತ ಮೊದಲು ಕೇಳಬೇಕು. ನೋವಿನದಾದರೆ ಬೆನ್ನಿಗೆ ಕೊಡುವ ನೋವಿನ ಮದ್ದು, ಎಪಿಡ್ಯೂರಲ್, ಇದೆ. ಮಕ್ಕಳು ಎಷ್ಟು ಬೇಕು ಅಂತ ಕೇಳಬೇಕು, ಯಾಕೆಂದರೆ ಉತ್ತರವೆಲ್ಲ ಅದರ ಮೇಲೆ ನಿಂತಿದೆ. ಮುಂದಿನ ಬಸಿರಿನಲ್ಲಿ ಮಾಸು ಹಳೇ ಗಾಯದ ಮೇಲೆ ಕೂತು ಗರ್ಭಕೋಶದ ಗೋಡೆಗೇ ಕಚ್ಚಿಕೊಳ್ಳಬಹುದು. ಬಿಡಿಸಹೋದರೆ ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾದೀತು. ಕೊಯ್ದ ಸಲ ಹೆಚ್ಚಾದಷ್ಟೂ ಈ ಅಪಾಯ ಹೆಚ್ಚು. ಇದೆಲ್ಲ ಕೇಳಿಯೂ ಬೇಕು ಅಂದರೆ, 39 ವಾರ ತುಂಬಿಸಿ ಮಾಡಿಕೊಡಿ, ನಿಮಗೆ ಮನಸ್ಸಿಲ್ಲದಿದ್ದರೆ ಮಾಡುವವರ ಹತ್ತಿರ ಕಳಿಸಿ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಹೀಗೆ ಬರೆದಿಟ್ಟಿದೆ.

ನಮ್ಮಲ್ಲಿ ಇದಕ್ಕಿಂತ ಜಾಣ ದಾರಿ ಉಂಟು. ಕೇಸ್ ಶೀಟಿನಲ್ಲಿ ಇಂಡಿಕೇಷನ್, ಅಂದರೆ ಕೊಯ್ಯುವುದಕ್ಕೆ ಕಾರಣ, ಅಂತ ಒಂದು ಸಾಲು. ಅಲ್ಲಿ "ಅವಳು ಕೇಳಿದಳು" ಅಂತ ಬರೆದರೆ ಇನ್ಷೂರೆನ್ಸಿನವರು ತಗಾದೆ ತೆಗೆದಾರು ಅಂತ ಭಯ. "ಮುಹೂರ್ತ" ಅಂತಲೂ ಬರೆಯುವ ಹಾಗಿಲ್ಲ. ಆಗ ಕೈಗೆ ಬರುವುದು ಸಿಪಿಡಿ. ಅಂದರೆ ಮಗುವಿನ ತಲೆ ದೊಡ್ಡದು, ದಾರಿ ಸಣ್ಣದು. ನೋವು ಬಂದು, ಗರ್ಭಕೋಶದ ಬಾಯಿ ತೆರೆದು, ತಲೆ ಇಳಿಯದೆ ನಿಂತಾಗ ತಾನೇ ಇದು ಗೊತ್ತಾಗಬೇಕಾದ್ದು? ನೋವೇ ಕಾಣದವಳ ಶೀಟಿನಲ್ಲೂ ಸಿಪಿಡಿ. ಮೂರು ವರ್ಷದ ಮೇಲೆ ಅವಳು ಎರಡನೇ ಬಸಿರಿನಲ್ಲಿ "ಈ ಸಲ ನಾರ್ಮಲ್ ಪ್ರಯತ್ನಿಸ್ತೀನಿ" ಅಂದರೆ, ಹೊಸ ಡಾಕ್ಟರು ಹಳೇ ಶೀಟು ಓದಿ ತಲೆ ಅಲ್ಲಾಡಿಸುತ್ತಾರೆ. ಒಂದು ಸುಳ್ಳು ಸಾಲಿಗೆ ಇನ್ನೊಂದು ಕೊಯ್ತ.

ಅವಳು ಯಾಕೆ ಹೆದರುತ್ತಾಳೆ ಅಂತ ನಿಜಕ್ಕೂ ಗೊತ್ತಿಲ್ಲವೇ? ಲೇಬರ್ ವಾರ್ಡಿನಲ್ಲಿ ಕಿರುಚಿದವಳಿಗೆ "ಮಲಗೋವಾಗ ಇಲ್ಲದ ನೋವು ಈಗ ಬಂತಾ?" ಅನ್ನುವ ಮಾತು ಯಾರು ಕೇಳಿಲ್ಲ ಹೇಳಿ. ಹೊಟ್ಟೆ ಮೇಲೆ ಅದುಮಬೇಡಿ, ಹೆರಿಗೆ ದಾರಿ ಅಗಲಿಸಲು ಎಲ್ಲರಿಗೂ ಕತ್ತರಿ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅದುಮುತ್ತಲೇ ಇದ್ದಾರೆ. ಜೊತೆಗೊಬ್ಬರು ಇರಲಿ ಅಂತ ಲೇಬರ್ ರೂಮು ಸುಧಾರಿಸಲು ಹೊರಟ ಕೇಂದ್ರದ ಲಕ್ಷ್ಯ ಯೋಜನೆ 2017ರಲ್ಲಿ ಹೇಳಿತು. ತಾಯಿ ಇನ್ನೂ ಬಾಗಿಲಾಚೆಯೇ ಫ್ಲಾಸ್ಕ್ ಹಿಡಿದು ನಿಂತಿರುತ್ತಾಳೆ. ಹೋಗಲಿ, ಸಿಸೇರಿಯನ್ನೇ ಸುರಕ್ಷಿತ ಅಂದುಕೊಂಡರೆ 2024ರ ನವೆಂಬರಿನ ಬಳ್ಳಾರಿ ಇದೆ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅನುಮಾನ ಬಿದ್ದದ್ದು ಡ್ರಿಪ್ಪಿನಲ್ಲಿ ಹರಿದ ರಿಂಗರ್ ಲ್ಯಾಕ್ಟೇಟ್ ಮೇಲೆ. ಉಪ್ಪುನೀರಿನಂಥ ದ್ರಾವಣ ಅದು. ಅದನ್ನೂ ಸರಿಯಾಗಿ ಕೊಡಲಾಗದವರು ಅವಳಿಗೆ ಸಹನೆಯ ಪಾಠ ಹೇಳುತ್ತಾರೆ. ನಗು ಬರುವುದಿಲ್ಲ, ಕ್ಷಮಿಸಿ.

ಶುಕ್ರವಾರದ ಕೇಸಿಗೆ ವಾಪಸು ಬರೋಣ. ತಲೆ ತೇಲುತ್ತಿತ್ತು, ಎರಡು ಸಲ ಜಾರಿತು. ಮಗು ಹೊರಬಂದದ್ದು 10:04ಕ್ಕೆ, ಗಟ್ಟಿಯಾಗಿ ಅತ್ತಿತು, ಮೂರು ಕೆಜಿ ತೂಕ. ಹೊರಗೆ ಬೀಗರು ಸಿಹಿ ಪೊಟ್ಟಣ ಬಿಚ್ಚದೆ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಫೋನಿನಲ್ಲಿ ಜ್ಯೋತಿಷಿಗಳು, ಆರು ನಿಮಿಷದ್ದೇನಾದರೂ ಮಾಡಬಹುದು ಅನ್ನುತ್ತಿದ್ದಾರೆ. ಚಿಕ್ಕಪ್ಪ ಒಳಗೆ ಇಣುಕಿ, "ಸಿಸ್ಟರ್, ಫಾರಂನಲ್ಲಿ 9:57 ಅಂತ ಹಾಕ್ಬಿಡಿ, ಯಾರಿಗೆ ಗೊತ್ತಾಗುತ್ತೆ" ಅಂತ ಮೆಲ್ಲಗೆ ಕೇಳುತ್ತಿದ್ದಾರೆ. ರಿಕವರಿ ರೂಮಿನಲ್ಲಿ ಸ್ಪೈನಲ್ಲಿನ ನಡುಕ ಹತ್ತಿದ ಅವಳು ಇನ್ನೊಂದು ಕಂಬಳಿ ಬೇಕು ಅಂತ ಮೂರನೇ ಸಲ ಹೇಳಿದಳು. ಸಿಸ್ಟರ್ ಫಾರಂ ಹುಡುಕುತ್ತಿದ್ದರು.