ಮಂಡಿಯಲ್ಲಿ ಇಬ್ಬರಿಗೂ ಒಂದೇ ಕಣ್ಣಿರಲಿ

ಹೋದ ಮಾವಿನ ಸೀಸನ್ನಲ್ಲಿ ದೊಡ್ಡಪ್ಪನ ಜೊತೆ ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ಟೆಂಪೋ ತುಂಬಾ ಬಾದಾಮಿ. ವ್ಯಾಪಾರಿ ಒಂದು ಕಾಯಿ ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಪೆಟ್ಟು ಬಿದ್ದಿದೆ ಯಜಮಾನ್ರೇ, ಮೂರು ದಿನಕ್ಕೆ ಕಪ್ಪಾಗುತ್ತೆ" ಅಂದರು. ಇಡೀ ಲೋಡಿನ ರೇಟು ಇಳೀತು. ಆ ಕಾಯಿ ಇಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಹಸಿರು ಸಿಪ್ಪೆ, ತೊಟ್ಟಿನ ಹತ್ತಿರ ಒಣಗಿದ ಸೊನೆಯ ಗೆರೆ. ಬೇರೇನೂ ಕಾಣಲಿಲ್ಲ. ಪೆಟ್ಟು ಬಿದ್ದಿದ್ದು ನಿಜವಾ, ಸುಳ್ಳಾ? ಇವತ್ತಿಗೂ ನಮಗೆ ಗೊತ್ತಿಲ್ಲ.

ಆ ಪೆಟ್ಟನ್ನು ನೋಡಬಲ್ಲ ಕ್ಯಾಮೆರಾ ಇದೆ. ಶಾರ್ಟ್‌ವೇವ್ ಇನ್‌ಫ್ರಾರೆಡ್ ಕ್ಯಾಮೆರಾ.

ಟಿವಿ ರಿಮೋಟಿನ ಬಲ್ಬನ್ನು ಮೊಬೈಲಿನ ಮುಂದಿನ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ಎಷ್ಟೋ ಫೋನುಗಳಲ್ಲಿ ನೇರಳೆ ಬೆಳಕು ಮಿನುಗುತ್ತದೆ. ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದು. ಆದರೆ ಫೋನಿನ ಸಿಲಿಕಾನ್ ಸೆನ್ಸರ್ ಸುಮಾರು 1,100 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ತನಕ ಮಾತ್ರ ನೋಡುತ್ತದೆ. ನಮಗೆ ಬೇಕಾದ್ದು ಅದರಾಚೆ ಇದೆ. 1,450ರ ಹತ್ತಿರ ನೀರು ಬೆಳಕನ್ನು ಕುಡಿದುಬಿಡುತ್ತದೆ. ಹಣ್ಣಿಗೆ ಪೆಟ್ಟು ಬಿದ್ದಾಗ ಒಳಗಿನ ಕೋಶ ಒಡೆದು ನೀರು ಹರಡುತ್ತದಲ್ವಾ, ಆ ಜಾಗ ಈ ಕ್ಯಾಮೆರಾದಲ್ಲಿ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಸಿಪ್ಪೆಯ ಮೇಲೆ ಒಂದು ಗುರುತೂ ಇಲ್ಲದಿರುವಾಗಲೇ!

ಇಷ್ಟು ದಿನ ಇದು ನಮ್ಮ ಕೈಗೆ ಸಿಗದಿದ್ದಕ್ಕೆ ಕಾರಣ ಬೆಲೆ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಅನ್ನೋ ಪದಾರ್ಥವನ್ನು ಬೇರೆಯಾಗಿ ಬೆಳೆಸಿ, ಒಂದೊಂದು ಪಿಕ್ಸೆಲನ್ನೂ ಸಿಲಿಕಾನ್ ಚಿಪ್ಪಿಗೆ ಜೋಡಿಸಬೇಕು. ಹಾಗಾಗಿ ಕ್ಯಾಮೆರಾ ಅಂದರೆ ಲಕ್ಷಗಳ ಮಾತು. 2020ರಲ್ಲಿ ಸೋನಿ 5 ಮೈಕ್ರಾನ್ ಪಿಕ್ಸೆಲಿನ ಇಂಥ ಸೆನ್ಸರ್ ತಂದಿತು. ಅದೂ ಕಾರ್ಖಾನೆಗಳಿಗೇ. ನನಗೆ ಆಸೆ ಇರೋದು ಕ್ವಾಂಟಮ್ ಡಾಟ್ ಅನ್ನೋ ಅತಿ ಪುಟ್ಟ ಅರೆವಾಹಕ ಕಣಗಳ ಮೇಲೆ. 2023ರ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಅದೇ. ಅದನ್ನು ಶಾಯಿಯ ಹಾಗೆ ಮಾಮೂಲಿ ಚಿಪ್ಪಿನ ಮೇಲೆ ಬಳಿಯಬಹುದು. ತೊಂದರೆ ಏನಂದರೆ ಚೆನ್ನಾಗಿ ಕೆಲಸ ಮಾಡುವ ಡಾಟ್‌ಗಳಲ್ಲಿ ವಿಷಕಾರಿ ಸೀಸ ಇದೆ. 2024ರಲ್ಲಿ ಬೆಲ್ಜಿಯಂನ ಸಂಶೋಧನಾ ಸಂಸ್ಥೆ ಐಮೆಕ್ ಸೀಸ ಇಲ್ಲದ ಮಾದರಿಯನ್ನೂ ತೋರಿಸಿದೆ.

ಫೋನ್ ಕಂಪನಿಗಳಿಗೆ ಇದು ಬೇಕಾಗುವುದು ಮುಖ ನೋಡಿ ಲಾಕ್ ತೆಗೆಯೋಕೆ. 1,400ರ ಆಸುಪಾಸಿನ ಬಿಸಿಲನ್ನು ಗಾಳಿಯಲ್ಲಿರುವ ನೀರಾವಿಯೇ ತಡೆಯುತ್ತದೆ, ಹಾಗಾಗಿ ಮಧ್ಯಾಹ್ನದ ಬಿಸಿಲಲ್ಲೂ ಸೆನ್ಸರಿಗೆ ಕಣ್ಣು ಕೋರೈಸುವುದಿಲ್ಲ. 1,400 ದಾಟಿದ ಬೆಳಕು ನಮ್ಮ ಕಣ್ಣಿನ ಹಿಂದಿನ ಪರದೆ ತನಕ ಹೋಗುವುದೂ ಇಲ್ಲ, ಹಾಗಾಗಿ ಕಣ್ಣಿಗೆ ಅಪಾಯ ಕಡಿಮೆ. ಸರಿ, ಮಾಡಲಿ. ಆದರೆ ಆ ಕಣ್ಣನ್ನು ಬರೀ ಲಾಕ್‌ಗೆ ಅಂತ ಮುಚ್ಚಿಡಬೇಡಿ ಅನ್ನೋದೇ ನನ್ನ ಮಾತು.

ಇದನ್ನೆಲ್ಲ ಹೇಳಿದಾಗ ದೊಡ್ಡಪ್ಪ ಮೊದಲು ಕೇಳಿದ್ದು, "ವಾಟೆ ಹತ್ತಿರ ಮೆತ್ತಗಾಗಿರುತ್ತಲ್ಲಪ್ಪ, ಅದು ಕಾಣ್ತದಾ?" ಇಲ್ಲ ದೊಡ್ಡಪ್ಪ, ಕೆಲವೇ ಮಿಲಿಮೀಟರ್ ಆಳ ಅಷ್ಟೇ ಅಂದೆ. ಆಮೇಲೆ ಕೇಳಿದರು: "ಮೊದಲು ಯಾರ ಕೈಗೆ ಬರ್ತದೆ? ನಮಗಾ, ಅವರಿಗಾ?"

ಈ ಪ್ರಶ್ನೆ ನನ್ನನ್ನು ಬಿಡ್ತಾ ಇಲ್ಲ. ಹಣ್ಣು ವಿಂಗಡಿಸುವ ದೊಡ್ಡ ಯಂತ್ರ ಕೊಳ್ಳೋರು ಕೊಳ್ಳೋರೇ, ಅಂದರೆ ಖರೀದಿ ಮಾಡುವವರು. ಅವರಿಗೆ ಕಂಡು ನಮಗೆ ಕಾಣದಿದ್ದರೆ ಹೆಬ್ಬೆರಳಿನ ಕಾಲಕ್ಕಿಂತ ನಮ್ಮ ಸ್ಥಿತಿ ಕಷ್ಟ. ಹಾಗಾಗಿಯೇ ಇದು ಫೋನಿಗೇ ಬರಬೇಕು, ಅದೂ ಕಡಿಮೆ ಬೆಲೆಯ ಫೋನಿಗೆ.

ಇಂಥ ಕ್ಯಾಮೆರಾಗೆ ಬಟ್ಟೆಯಾಚೆಗೂ ಕಾಣುತ್ತೆ ಅನ್ನೋ ಭಯ ಇದೆ, ಅದು ಸುಮ್ನೆ ಭಯ ಅಲ್ಲ. 2020ರಲ್ಲಿ ಒನ್‌ಪ್ಲಸ್ 8 ಪ್ರೊ ಫೋನಿನ ಒಂದು ಫಿಲ್ಟರ್ ಕ್ಯಾಮೆರಾ ಕೆಲವು ಪ್ಲಾಸ್ಟಿಕ್, ತೆಳು ಬಟ್ಟೆಯಾಚೆ ನೋಡುತ್ತೆ ಅಂತ ಗಲಾಟೆಯಾಗಿತ್ತು. ಆದರೆ ಕಾಯಿ ನೋಡೋಕೆ ಒಂದು ಗೇಣು ದೂರ ಸಾಕು. ಅದಕ್ಕಿಂತ ಆಚೆ ಮಸುಕಾಗುವ ಲೆನ್ಸ್ ಹಾಕಲಿ, ವಿಡಿಯೋ ಬೇಡವೇ ಬೇಡ. ಕ್ಯಾಮೆರಾದಲ್ಲಿ ಪೋರ್ಟ್ರೇಟ್ ಪಕ್ಕ ಒಂದು ಬಟನ್ ಕೊಡಲಿ. ದೊಡ್ಡಪ್ಪ ತೋಟದಲ್ಲೇ, ದೋಟಿಯಿಂದ ಇಳಿಸಿದ ಕಾಯಿಯನ್ನು ನೋಡಿ, ಪೆಟ್ಟು ಬಿದ್ದದ್ದನ್ನು ಬೇರೆ ಇಟ್ಟು, ಉಳಿದದ್ದನ್ನು ಟೆಂಪೋಗೆ ತುಂಬಿಸಲಿ.