ಭಾಷೆ ಬದಲಿಸೋಕೆ ಅಂತಲೇ ಒಂದು ಕೀಲಿ ಬೇಕು

ನಿನ್ನೆ ಒಂದು ಚಿತ್ರ ದೊಡ್ಡದು ಮಾಡುತ್ತಿದ್ದೆ. ಎಡಗೈಯಲ್ಲಿ ಆಲ್ಟ್ ಮತ್ತು ಶಿಫ್ಟ್ ಒತ್ತಿ ಹಿಡಿದು ಬಲಗೈಯಲ್ಲಿ ಮೌಸ್ ಎಳೆದರೆ, ಚಿತ್ರ ನಡುವಿನಿಂದ ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಹಿಗ್ಗುತ್ತದೆ. ಹಿಗ್ಗಿತು. ಕೈ ಬಿಟ್ಟು, ಫೈಲಿಗೆ ಇಂಗ್ಲಿಷಿನಲ್ಲಿ ‘ಫೈನಲ್’ ಅಂತ ಹೆಸರು ಕೊಡಲು ಹೋದೆ. ಬಂದದ್ದು ‘ಿಗಲೋತ’. ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಬಳಸುವವರಿಗೆ ಏನಾಯಿತು ಅಂತ ಗೊತ್ತಾಗಿರುತ್ತದೆ.

ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್-ಶಿಫ್ಟ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪಾಪ, ಅದು ಸ್ವಲ್ಪ ಕಾದು ನೋಡುತ್ತದೆ. ಕೀಲಿ ಬಿಟ್ಟ ಮೇಲೆಯೇ ಬದಲಿಸುತ್ತದೆ, ನಡುವೆ ಇನ್ನೊಂದು ಕೀಲಿ ಒತ್ತಿದ್ದರೆ ಸುಮ್ಮನಿರುತ್ತದೆ. ಆದರೆ ಮೌಸ್ ಎಳೆದದ್ದು ಅದರ ಲೆಕ್ಕಕ್ಕಿಲ್ಲ. ಯಾವುದೋ ಶಾರ್ಟ್‌ಕಟ್ ಒತ್ತಲು ಹೋಗಿ, ಬೇಡ ಅನ್ನಿಸಿ ಕೈ ತೆಗೆದರೂ ಅಷ್ಟೇ, ಭಾಷೆ ಬದಲಾಯಿತು.

ಲಿನಕ್ಸಿನಲ್ಲಿ ಪರದೆ, ಕೀಬೋರ್ಡ್ ನೋಡಿಕೊಳ್ಳುವ ಹಳೆಯ ಎಕ್ಸ್ ವ್ಯವಸ್ಥೆಗೆ ಇಷ್ಟು ತಾಳ್ಮೆಯೂ ಇಲ್ಲ. ಕಂಟ್ರೋಲ್-ಶಿಫ್ಟಿಗೆ ಈ ಕೆಲಸ ಕೊಟ್ಟರೆ ಒತ್ತಿದ ಕೂಡಲೇ ಬದಲಿಸಿಬಿಡುತ್ತದೆ. ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಕಂಟ್ರೋಲ್-ಶಿಫ್ಟ್-ಸಿ ಬೇಕು, ಬರೀ ಕಂಟ್ರೋಲ್-ಸಿ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತದೆ. ಮೊದಲೆರಡು ಕೀಲಿ ಒತ್ತುವಷ್ಟರಲ್ಲೇ ಕೀಬೋರ್ಡ್ ಕನ್ನಡಕ್ಕೆ ಹೋಗಿರುತ್ತದೆ. ಇನ್‌ಸ್ಕ್ರಿಪ್ಟಿನಲ್ಲಿ ಸಿ ಜಾಗದಲ್ಲಿರುವುದು ‘ಮ’, ಶಿಫ್ಟ್ ಹಿಡಿದರೆ ‘ಣ’. ಕಂಟ್ರೋಲ್ ‘ಣ’ ಅಂದರೆ ಏನು ಮಾಡಬೇಕು ಅಂತ ಯಾವ ಪ್ರೋಗ್ರಾಮಿಗೆ ತಾನೇ ಗೊತ್ತು?

ಇದರ ಹಿಂದೆ ಇನ್ನೊಂದು ಗೋಜಲಿದೆ. ಶಾರ್ಟ್‌ಕಟ್ ಸೇರಿದ್ದು ಕೀಲಿಗೋ, ಅದರಿಂದ ಬರುವ ಅಕ್ಷರಕ್ಕೋ? ವಿಂಡೋಸ್‌ನ ಕನ್ನಡ ವಿನ್ಯಾಸದಲ್ಲಿ ಪ್ರತಿ ಕೀಲಿಗೂ ಒಳಗೊಳಗೆ ಹಳೆಯ ಇಂಗ್ಲಿಷ್ ಹೆಸರೇ ಇರುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದರೂ ಕಂಟ್ರೋಲ್-ಸಿ ನಡೆಯುತ್ತದೆ. ಲಿನಕ್ಸಿನಲ್ಲಿ ಪ್ರೋಗ್ರಾಂ ನೋಡುವುದು ಸಾಮಾನ್ಯವಾಗಿ ಅಕ್ಷರವನ್ನು. ನಾವು ಹಾಕಿಕೊಂಡ ಕೀಬೋರ್ಡ್‌ಗಳ ಪಟ್ಟಿಯಲ್ಲಿ ಇಂಗ್ಲಿಷ್ ವಿನ್ಯಾಸವೂ ಇದ್ದರೆ ಕೆಲವು ಅದರಲ್ಲಿ ಹುಡುಕಿ ಕೆಲಸ ಮಾಡುತ್ತವೆ, ಕೆಲವು ಸುಮ್ನೆ ಕೂರುತ್ತವೆ. ಅಕ್ಷರದ ಕೀಲಿಗಳಿಂದಲೇ ಆದೇಶ ಕೊಡುವ ವಿಮ್ ಎಂಬ ಎಡಿಟರ್ ಬಳಸುವವರ ಪಾಡು ಎಲ್ಲ ಕಡೆ ಒಂದೇ. ಕೀಬೋರ್ಡ್ ಕನ್ನಡದಲ್ಲಿದ್ದಾಗ ಸಾಲು ಅಳಿಸಲು ಎರಡು ಸಲ ‘ಡಿ’ ಒತ್ತಿದರೆ ಅದಕ್ಕೆ ಸಿಗುವುದು ಎರಡು ಹಲಂತ. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ಈ ವಿಷಯದಲ್ಲಿ ಜಾಣ, ಭಾಷೆ ಬದಲಿಸುವುದನ್ನು ತನ್ನೊಳಗೇ ಇಟ್ಟುಕೊಂಡಿದೆ.

ಮ್ಯಾಕ್‌ನವರು ನಗಬೇಡಿ. ಅಲ್ಲಿ ಮೊದಲು ಈ ಕೆಲಸಕ್ಕೆ ಕಮಾಂಡ್-ಸ್ಪೇಸ್ ಇತ್ತು. 2005ರಲ್ಲಿ ಟೈಗರ್ ಎಂಬ ಆವೃತ್ತಿಯ ಜೊತೆ ಬಂದ ಹುಡುಕುವ ಸೌಲಭ್ಯ ಸ್ಪಾಟ್‌ಲೈಟ್ ಅದೇ ಜಾಗದಲ್ಲಿ ಕೂತಿತು. ಈಗ ಕಂಟ್ರೋಲ್-ಸ್ಪೇಸ್. ಕೋಡ್ ಬರೆಯುವವರಿಗೆ ಮುಂದೆ ಏನು ಬರೆಯಬಹುದು ಅನ್ನುವ ಸಲಹೆಪಟ್ಟಿ ತೆರೆಯಲು ಬೇಕಾದದ್ದೂ ಅದೇ.

ನನ್ನ ತಕರಾರು ಇಷ್ಟೇ. ಕಂಟ್ರೋಲ್, ಆಲ್ಟ್, ಶಿಫ್ಟ್ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಕೀಲಿಗಳು. ಎರಡು ಲಿಪಿಯಲ್ಲಿ ಬರೆಯುವವರು ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನು ಅವುಗಳ ಮೇಲೆ ಹೇರಿದರೆ ಜಗಳ ಆಗದೆ ಇರುತ್ತಾ? ಜಪಾನಿ ಮತ್ತು ಕೊರಿಯನ್ ಕೀಬೋರ್ಡ್‌ಗಳಲ್ಲಿ ಇದಕ್ಕೆ ಅಂತಲೇ ಒಂದು ಕೀಲಿ ಇದೆ. ನಮ್ಮ ಕನ್ನಡ ಬರೆಯುವ ತಂತ್ರಾಂಶ ‘ನುಡಿ’ ಮಾಡಿದವರಿಗೂ ಇದು ಹೊಳೆದಿತ್ತು ಅನ್ನಿಸುತ್ತದೆ, ಯಾರೂ ಮುಟ್ಟದ ಸ್ಕ್ರೋಲ್ ಲಾಕ್ ಹಿಡಿದುಕೊಂಡರು. ಒಳ್ಳೆಯ ಆಯ್ಕೆಯೇ. ಲ್ಯಾಪ್‌ಟಾಪ್‌ಗಳಿಂದ ಆ ಕೀಲಿಯೇ ಮಾಯವಾದರೆ ಅವರೇನು ಮಾಡಲಿ?

ಹಾಗಾಗಿ ನಾನು ಕ್ಯಾಪ್ಸ್ ಲಾಕ್ ಹಿಡಿದಿದ್ದೇನೆ. ಇಷ್ಟು ದೊಡ್ಡ ಕೀಲಿ, ಇಷ್ಟು ಒಳ್ಳೆಯ ಜಾಗ, ಕೆಲಸ ಮಾತ್ರ ಏನೂ ಇಲ್ಲ. ಕನ್ನಡದಲ್ಲಂತೂ ದೊಡ್ಡಕ್ಷರವೇ ಇಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಪಕರಣ ಹಾಕಿಕೊಂಡು ಕ್ಯಾಪ್ಸ್ ಲಾಕನ್ನು ಭಾಷೆ ಬದಲಿಸುವ ಇನ್ನೊಂದು ಶಾರ್ಟ್‌ಕಟ್ ಆದ ವಿಂಡೋಸ್-ಸ್ಪೇಸಿಗೆ ಜೋಡಿಸಬಹುದು. ಸುಧಾರಿತ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹಳೆಯ ಆಲ್ಟ್-ಶಿಫ್ಟ್ ತೆಗೆಯೋದು ಮರೀಬೇಡಿ, ಇಲ್ಲದಿದ್ದರೆ ಎರಡೂ ಕೆಲಸ ಮಾಡುತ್ತಿರುತ್ತವೆ. ಮ್ಯಾಕ್‌ನಲ್ಲಿ ಕ್ಯಾಪ್ಸ್ ಲಾಕ್‌ನಿಂದ ಭಾಷೆ ಬದಲಿಸುವ ಆಯ್ಕೆ ಸೆಟ್ಟಿಂಗ್‌ನಲ್ಲೇ ಇದೆ. ಎಕ್ಸ್‌ನಲ್ಲೂ ಇದೆ.

ಬೇರೆಯವರ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಕಷ್ಟ. ಅಭ್ಯಾಸಬಲದಿಂದ ಮೊದಲು ಕ್ಯಾಪ್ಸ್ ಲಾಕ್ ಒತ್ತುತ್ತೇನೆ, ಆಮೇಲೆ ಪಾಸ್‌ವರ್ಡ್ ತಪ್ಪು ಅಂತ ಮೂರು ಸಲ ಹೇಳಿಸಿಕೊಳ್ಳುತ್ತೇನೆ.